ಹಂದಿಗುಂಡಿ ಮತ್ತು ಪಟೇಲರ ಮೀಸೆ

ನನ್ನ ಯಜಮಾನರು ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನೆಲ್ಲ ಓದಿದ ಮೇಲೆ ನೀವು ನಂಬಲಿಕ್ಕಿಲ್ಲ. ಅವರಿಗಿದ್ದದ್ದು ಒಂದೇ ಕಾಯಿಲೆ. ಎಲ್ಲಾದರೂ ಅಚ್ಚಾದದ್ದನ್ನು ಓದಿದರೆ ಸಾಕು, ಅದನ್ನು ನಮ್ಮ ಹಿತ್ತಲಲ್ಲಿ ಮಾಡಿ ನೋಡಲೇಬೇಕು. ಬೆಂಗಳೂರಿನಲ್ಲಿ ಒಂದು ವರ್ಷ ವ್ಯವಸಾಯದ ತರಬೇತಿ ಪಡೆದು ಬಂದಿದ್ದರು. ಆ ಒಂದು ವರ್ಷ ನಮ್ಮ ಮನೆಯನ್ನು ಹತ್ತು ವರ್ಷ ಕಾಡಿತು. ನಾನು ಮದುವೆಯಾಗಿ ಬಂದ ವರ್ಷವೇ, ಕಾವಿಗೆ ಕೋಳಿ ಯಾಕೆ ಬೇಕು ಎಂದು ಲಾಟೀನಿನ ಬಿಸಿಯಲ್ಲಿ ಮರಿ ಮಾಡಿಸಲು ಹೋಗಿ ಮೂವತ್ತು ಮೊಟ್ಟೆ ಬೇಯಿಸಿಟ್ಟರು. ಮರುವರ್ಷ ರೇಷ್ಮೆ ಹುಳುಗಳಿಗೆ ಶಕ್ತಿ ಬರಲಿ ಎಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬೆಲ್ಲದ ನೀರು ಚಿಮುಕಿಸಿದರು. ಶಕ್ತಿ ಬಂದದ್ದು ಇರುವೆಗಳಿಗೆ. ಎರಡು ತಟ್ಟೆ ಹುಳುಗಳನ್ನು ಹೊತ್ತುಕೊಂಡೇ ಹೋದವು.

ನಮ್ಮ ಊರು ಕುದೂರಿನಿಂದ ಮೂರು ಮೈಲಿ. ಆಗ ಮಹಾರಾಜರ ಆಳ್ವಿಕೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ ಎಂದು ನೋಡಿ ಬಂದವರು ಹೇಳುತ್ತಿದ್ದರು. ನಮ್ಮಲ್ಲಿ ಸೀಮೆಎಣ್ಣೆ ಬುಡ್ಡಿ, ಒಲೆಗೆ ಜಾಲಿ ಸೌದೆ, ಮಳೆಗಾಲದಲ್ಲಿ ಹಸಿ ಸೌದೆ, ವರ್ಷವಿಡೀ ಊದುಗೊಳವೆ. ಮನೆಯಲ್ಲಿ ನಾವು ಮೂವರೇ. ಅವರು, ನಾನು, ನಮ್ಮತ್ತೆ. ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಗೆ ಅಡುಗೆಮನೆಯ ಹೊಗೆಯಿಂದ ಎರಡೂ ಕಣ್ಣು ಸದಾ ಕೆಂಪು. ಅವರು ಅಳುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯಬೇಕಾದರೆ ಮಾತು ಕೇಳಬೇಕಿತ್ತು. ಸಾಮಾನ್ಯವಾಗಿ ಬೈಯುತ್ತಿದ್ದರು.

ಊರಾಚೆ ಕೆರೆಕೋಡಿಯ ಬಳಿ, ನಮ್ಮ ಹಿಪ್ಪುನೇರಳೆ ತೋಟಕ್ಕೆ ಹೋಗುವ ದಾರಿಯಲ್ಲಿ, ಒಬ್ಬ ವಿಧವೆ ಹಂದಿ ಸಾಕಿಕೊಂಡಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ಗಂಡ ಹೋದಮೇಲೆ ಅವಳಿಗೆ ಉಳಿದದ್ದು ಒಂದು ಗುಡಿಸಲು, ಹನ್ನೊಂದು ಹಂದಿ, ಮತ್ತು ಯಾರಿಗೂ ಹೆದರದ ನಾಲಿಗೆ. ಊರಿನವರನ್ನು ಕಂಡರೆ ಬುದ್ದಿ, ಅವ್ವ ಎಂದು ಬಗ್ಗಿಯೇ ಮಾತಾಡುತ್ತಿದ್ದಳು. ಬಗ್ಗಿ ಆಡಿದ ಆ ಮಾತೇ ಮನೆಗೆ ಹೋದಮೇಲೆ ಚುಚ್ಚುತ್ತಿತ್ತು.

ಆ ವರ್ಷ ಕಾರ್ತಿಕದ ಚಳಿಯಲ್ಲಿ ಪಟೇಲರ ಮನೆಯ ರೇಷ್ಮೆ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಹುಳುಗಳೆಲ್ಲ ಬಿಳುಪೇರಿ, ಸೀಮೆಸುಣ್ಣದ ತುಂಡಿನ ಹಾಗೆ ಗಟ್ಟಿಯಾಗಿ ಸತ್ತವು. ಹುಳು ಸಾಕುವ ಮನೆಯ ಕಟ್ಟುಪಾಡು ನಿಮಗೆ ಗೊತ್ತಿರಲಿಕ್ಕಿಲ್ಲ. ಹುಳು ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಘಾಟು ಯಾವುದೂ ಒಳಗೆ ಸುಳಿಯುವಂತಿಲ್ಲ. ಹೀಗೆಲ್ಲ ಕಾಪಾಡಿದರೂ ಹುಳು ಸತ್ತಮೇಲೆ ಯಾವುದೋ ವಾಸನೆ ಬಂದಿರಲೇಬೇಕು ಎಂದು ಪಟೇಲರು ಲೆಕ್ಕ ಹಾಕಿದರು. ಮೂಗಿಗೆ ಸಿಕ್ಕಿದ್ದು ಹಂದಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು.

ನಮ್ಮ ಮನೆಗೆ ಎದುರು ಮನೆಯೇ ಪಟೇಲರದು. ಅವರ ಜಗಲಿಯ ಮೇಲೆ ನಡೆಯುವ ನ್ಯಾಯವೆಲ್ಲ ನಮ್ಮ ಕಿಟಕಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಅತ್ತೆ ಕಿಟಕಿಯ ಎಡಗಡೆ, ನಾನು ಬಲಗಡೆ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಆ ದಿನ ಸುಲಿದ ಅವರೆಕಾಯಲ್ಲಿ ಸಿಪ್ಪೆಯೇ ಹೆಚ್ಚು ಉಳಿಯಿತು.

“ಹಂದಿ ನಾತಕ್ಕೇ ನನ್ನ ಹುಳ ಸತ್ತೋದ್ವು. ಶಿವರಾತ್ರಿ ಒಳಗೆ ಅವಳು ಜಾಗ ಖಾಲಿ ಮಾಡ್ಬೇಕು,” ಎಂದರು ಪಟೇಲರು. ಅವಳು ಕೆಳಗೆ ಬೀದಿಯಲ್ಲಿ ನಿಂತಿದ್ದಳು.

“ಎಲ್ಲಿಗೆ ಹೋಗ್ಲಿ ಬುದ್ದಿ? ಹಂದಿ ಇಲ್ದಿದ್ದ ಊರಲ್ಲೂ ಹುಳ ಸತ್ತವಂತಲ್ಲ, ಅಲ್ಲಿಗೆ ಹೋಗ್ಲಾ?”

ಯಾರೋ ನಕ್ಕರು, ಪಟೇಲರ ಮುಖ ನೋಡಿ ಸುಮ್ಮನಾದರು. ಆಗ ನನ್ನ ಯಜಮಾನರು ಎದ್ದು ನಿಂತರು. ನಾನು ಸುಲಿಯುವುದನ್ನು ಬಿಟ್ಟು ಕಿಟಕಿಯ ಸರಳು ಹಿಡಿದೆ, ಯಾಕೆಂದರೆ ಅವರು ಎದ್ದು ನಿಲ್ಲುವುದು ಏನನ್ನಾದರೂ ಓದಿಕೊಂಡು ಬಂದಾಗ ಮಾತ್ರ.

“ದೊಡ್ಡಪ್ಪಾ, ಆ ಹಂದಿ ಗೊಬ್ಬರದಿಂದ ಬೆಂಕಿ ಉರಿಸ್ಬೋದು. ಬೊಂಬಾಯಿ ಕಡೆ ಕಕ್ಕಸು ಗುಂಡಿ ಗ್ಯಾಸಿನಿಂದ ದೀಪ ಹಚ್ಚವ್ರಂತೆ. ಗೊಬ್ಬರಾನೆಲ್ಲ ಗುಂಡೀಲಿ ಮುಚ್ಚಾಕಿದ್ರೆ ನಾತಾನೂ ಇರಲ್ಲ, ಸೌದೇನೂ ಉಳೀತದೆ. ಶಿವರಾತ್ರಿ ಒಳಗೆ ಉರಿಸಿ ತೋರಿಸ್ತೀನಿ.”

“ಏನ್ಲಾ ಮಗಾ, ಹಂದಿ ಹೇಲಿಗೆ ಬೆಂಕಿ ಹತ್ತುತ್ತಾ?” ಎಂದು ಪಟೇಲರು ಮೀಸೆ ತಿರುವಿದರು. ಆ ಮೀಸೆಯ ಬಗ್ಗೆ ಒಂದು ಮಾತು ಹೇಳಬೇಕು. ಕುದೂರು ಹೋಬಳಿಯಲ್ಲೇ ಅಂಥದಿರಲಿಲ್ಲ. ದಿನಾ ಬೆಳಿಗ್ಗೆ ಹರಳೆಣ್ಣೆ ಹಚ್ಚಿ ತುದಿ ಮೇಲಕ್ಕೆ ಹುರಿ ಮಾಡುತ್ತಿದ್ದರು. ಕಂದಾಯದ ಶೇಕ್ದಾರರು ಬಂದಾಗ ಪಟೇಲರಿಗಿಂತ ಮೊದಲು ಮೀಸೆಯೇ ಅವರನ್ನು ಎದುರುಗೊಳ್ಳುತ್ತಿತ್ತು. “ಆಯ್ತು. ಉರಿದ್ರೆ ಅವಳು ಇರ್ಲಿ. ಉರೀದಿದ್ರೆ ಶಿವರಾತ್ರಿ ಮಾರನೇ ದಿನ ಹಂದಿ ಹೊಡ್ಕೊಂಡು ಹೋಗ್ಬೇಕು. ಜೊತೇಗೆ ನೀನೂ ಒಸಿ ದೂರ ಬುಟ್ಟು ಬರ್ಬೇಕು.”

ಜಗಲಿ ತುಂಬ ನಗು. ಅತ್ತೆ ಅವರೆಕಾಯಿ ಮೊರವನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡರು.

ಮನೆಗೆ ಬಂದ ಮೇಲೆ ನಾನೇ ಕೇಳಿದೆ. “ಗೊಬ್ಬರವೇ ಬೇಕಾದ್ರೆ ನಮ್ಮ ಹಟ್ಟೀಲಿ ಹಸ ಇಲ್ವಾ? ಹಂದೀನೇ ಯಾಕೆ?”

“ಸಗಣಿ ಮುಟ್ಟಕ್ಕೆ ಅವ್ವ ಬುಟ್ಟಾಳಾ?” ಎಂದು ಮೆತ್ತಗೆ ಹೇಳಿದರು.

ಅದೂ ನಿಜವೇ. ನಮ್ಮ ಮನೆಯಲ್ಲಿ ಸಗಣಿಯ ಆಡಳಿತ ಅತ್ತೆಯದು. ಅಂಗಳ ಸಾರಿಸಲು ಇಷ್ಟು, ಹುಳುವಿನ ತಟ್ಟೆಗಳಿಗೆ ಬಳಿಯಲು ಇಷ್ಟು, ಬೆರಣಿಗೆ ಇಷ್ಟು, ಉಳಿದದ್ದು ತಿಪ್ಪೆಗೆ. ಒಂದು ಹಿಡಿ ಹೆಚ್ಚುಕಡಿಮೆಯಾದರೂ ಅವರಿಗೆ ತಿಳಿಯುತ್ತಿತ್ತು. ಹಂದಿಯದಾದರೆ ಕೇಳುವವರಿಲ್ಲ, ಕೊಟ್ಟರೂ ಬೇಡವೆನ್ನುವವರೇ. “ಅದೂ ಅಲ್ದೆ, ಅವಳನ್ನ ಹೊರಡಿಸಬಾರ್ದು ಕಣೆ. ಹುಳ ಸತ್ತಿದ್ದು ಚಳಿಗೆ,” ಎಂದರು. ಅಷ್ಟು ಹೇಳಿದಮೇಲೆ ನನಗೆ ಜಗಳವಾಡಲು ಮನಸ್ಸು ಬರಲಿಲ್ಲ. ಆದರೂ ಸ್ವಲ್ಪ ಆಡಿದೆ.

ಗುಂಡಿ ತೋಡಿದ್ದು ಅವಳ ಗುಡಿಸಲಿನ ಪಕ್ಕದಲ್ಲೇ. ಸಣ್ಣ ಬಾವಿಯ ಹಾಗೆ ದುಂಡಗೆ ತೋಡಿ, ಒಳಗೆ ಇಟ್ಟಿಗೆ ಕಟ್ಟಿ ಗಾರೆ ಬಳಿದರು. ಕುದೂರಿನ ರಸ್ತೆ ಕೆಲಸದಲ್ಲಿ ಬಿಸಾಡಿದ್ದ ಡಾಂಬರಿನ ಪೀಪಾಯಿಯೊಂದನ್ನು ಗಾಡಿಯಲ್ಲಿ ತಂದು, ಒಂದು ಕಡೆಯ ಮುಚ್ಚಳ ಕತ್ತರಿಸಿ ತೆಗೆಸಿದರು. ಗುಂಡಿಯಲ್ಲಿ ಗೊಬ್ಬರವನ್ನು ನೀರಿನಲ್ಲಿ ಕಲಸಿ ತುಂಬಬೇಕು. ಅದರ ಮೇಲೆ, ಸುರಿಯಲು ತಿರುವಲು ಸುತ್ತ ಸಂದು ಬಿಟ್ಟು, ಪೀಪಾಯಿಯನ್ನು ಬೋರಲು ಹಾಕಬೇಕು. ಒಳಗೆ ಕೊಳೆತು ಗ್ಯಾಸು ಹುಟ್ಟಿದರೆ ಪೀಪಾಯಿ ತಾನೇ ಮೇಲೇಳುತ್ತದೆ. ಮೇಲಿನ ಕೊಳವೆಯ ತಿರುಪು ಬಿಟ್ಟು ಬೆಂಕಿ ಕಡ್ಡಿ ಹಿಡಿದರೆ ಉರಿಯುತ್ತದೆ. ಓದಿ ಹೇಳುವಾಗ ಇಷ್ಟೇ.

ಕೊಳವೆಗೆ ಬಿದಿರು ಸಾಕೆಂದರು. ಆದರೆ ತಿರುಪು? ಗ್ಯಾಸು ಸೋರದ ಹಾಗೆ ತಿರುಗಬೇಕು. ಅದಕ್ಕಾಗಿ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಕಡೆಯುವ ಒಬ್ಬ ಸಾಹೇಬರನ್ನು ಹಿಡಿದರು. ಅವರು ಮರವನ್ನು ತಿರುಗುಯಂತ್ರಕ್ಕೆ ಕೊಟ್ಟರೆ ಕೂದಲೆಳೆ ಹೋಗುವಷ್ಟೂ ಸಂದು ಬಿಡದೆ ಕಡೆಯುವವರು. ಯಾತಕ್ಕೆ ಎಂದು ಅವರು ಕೇಳಿದಾಗ ನನ್ನ ಯಜಮಾನರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರಂತೆ. ಸಾಹೇಬರು ಉಳಿ ಕೆಳಗಿಟ್ಟರು. “ನೋಡಿ ಸ್ವಾಮಿ, ನಾನು ಮಾಡೋದು ಮರದ ಕೆಲಸ. ಮಾಡಿ ಕೊಡ್ತೀನಿ. ಕೂರಿಸೋಕೆ ಮಾತ್ರ ನನ್ನ ಕರೀಬೇಡಿ. ಸತ್ಯ ಹೇಳಿದ್ರಲ್ಲ, ಅದಕ್ಕೇ ಅರಗು ಜಾಸ್ತಿ ಕೊಟ್ಟಿರ್ತೀನಿ, ಸಂದಿಗೆಲ್ಲ ಕಾಯಿಸಿ ಮೆತ್ತಿ,” ಎಂದರು. ತಿರುಪು ಬಂತು. ಕೆಂಪು, ಹಳದಿ, ಹಸಿರು ಪಟ್ಟೆ, ಫಳಫಳ ಹೊಳೆಯುವ ಮೆರುಗು. ಊರಿನ ಮಕ್ಕಳೆಲ್ಲ ಬುಗುರಿ ಎಂದೇ ತಿಳಿದರು. ಅಷ್ಟು ಚೆಂದದ ವಸ್ತುವನ್ನು ಅಷ್ಟು ಹೊಲಸು ಜಾಗದಲ್ಲಿ ಕೂರಿಸಿದ್ದನ್ನು ನಾನು ಜೀವನದಲ್ಲಿ ಕಂಡದ್ದು ಅದೊಂದೇ ಸಲ.

ಪುಷ್ಯದ ಚಳಿಯಲ್ಲಿ ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಯಜಮಾನರು ಮಂಕರಿ ಹೊತ್ತು ಕೆರೆಕೋಡಿಗೆ. ಅವಳು ಗೊಬ್ಬರ ಬಾಚುವುದು, ಇವರು ನೀರಿನಲ್ಲಿ ಕಲಸಿ ಗುಂಡಿಗೆ ಸುರಿಯುವುದು, ಬಿದಿರಿನ ಗಳ ಹಾಕಿ ತಿರುವುವುದು. ಗಡಿಯಾರ ನೋಡಿಕೊಂಡು ಬೆಳಿಗ್ಗೆ ಅರ್ಧ ಗಂಟೆ, ಸಾಯಂಕಾಲ ಅರ್ಧ ಗಂಟೆ ತಿರುವುತ್ತಿದ್ದರು. ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಮನೆಗೆ ಬಂದರೆ ಅತ್ತೆ ಅಂಗಳದಲ್ಲೇ ತಡೆದು ಮೂರು ಕೊಡ ನೀರು ಸುರಿಯುವರು. ಆ ಚಳಿಯಲ್ಲಿ ಗಡಗಡ ನಡುಗುತ್ತಾ, “ಅವ್ವಾ, ವಿಜ್ಞಾನಕ್ಕೆ ಮೈಲಿಗೆ ಇಲ್ಲ,” ಎನ್ನುವರು.

“ವಿಗ್ನಾನಕ್ಕಿಲ್ದಿದ್ರೆ ಅದನ್ನೇ ಮದ್ವೆ ಆಗ್ಬೇಕಿತ್ತು,” ಎಂದು ಇನ್ನೊಂದು ಕೊಡ.

ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು. ಪೀಪಾಯಿ ಎದ್ದೇಳಲಿಲ್ಲ. ದಿನಕ್ಕೊಂದು ಬೆಂಕಿಪೊಟ್ಟಣ ನನ್ನ ಅಡುಗೆಮನೆಯ ಗೂಡಿನಿಂದ ಮಾಯವಾಗುತ್ತಿತ್ತು. ತಿರುಪು ಬಿಟ್ಟು ಕಡ್ಡಿ ಗೀರುವುದು, ಕಡ್ಡಿ ಆರುವುದು, ಇನ್ನೊಂದು ಗೀರುವುದು. ಹೊಲಕ್ಕೆ ಹೋಗುವವರೆಲ್ಲ ಅಲ್ಲಿ ನಿಂತು, “ಏನಪ್ಪಾ, ಇವತ್ತಾದ್ರೂ ಹಂದಿ ಕೆಮ್ತಾ?” ಎಂದು ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ನನ್ನ ತವರಿನಿಂದ ಬಂದ ಅಣ್ಣನೊಬ್ಬ ಊರ ಬಾಗಿಲಲ್ಲಿ ಮನೆಯ ದಾರಿ ಕೇಳಿದರೆ, “ಹಂದಿಗುಂಡಿಯವರ ಮನೆಯಾ?” ಎಂದರಂತೆ. ಆ ರಾತ್ರಿ ನಾನು ಊಟ ಬಡಿಸಿದ ರೀತಿಯನ್ನು ಯಜಮಾನರು ಎಂದೂ ಮರೆತಿರಲಾರರು.

ಆದರೆ ಆ ಹಂದಿಯವಳ ಮುಖ ನೋಡಿದಾಗ ನನಗೆ ಸಿಟ್ಟು ಇಳಿಯುತ್ತಿತ್ತು. ಒಂದು ದಿನ ತೋಟಕ್ಕೆ ಸೊಪ್ಪಿಗೆ ಹೋದಾಗ ಅವಳು ಗುಡಿಸಲಿನ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದಳು. ಯಾಕೆಂದು ಕೇಳಿದೆ.

“ಮರಿಗಳ್ನ ಕಟ್ಕೊಂಡು ಹೋಗಕ್ಕೆ ಅವ್ವಾ. ಬುದ್ದಿಯೋರು ಗುಂಡಿ ತಿರುವ್ತಾ ಅವ್ರೆ, ನಾನು ಹಗ್ಗ ತಿರುವ್ತಾ ಇವ್ನಿ. ಯಾವ್ದು ಮೊದ್ಲು ಆಯ್ತದೋ ನೋಡಣ,” ಎಂದಳು. ನಕ್ಕೇ ಹೇಳಿದಳು. ನನಗೆ ನಗು ಬರಲಿಲ್ಲ.

ಶಿವರಾತ್ರಿಗೆ ಇನ್ನು ಮೂರು ವಾರ ಇತ್ತು. ಆಗ ಒಂದು ಬೆಳಗ್ಗೆ, ಬೆಳಕು ಹರಿಯುವ ಹೊತ್ತಿಗೆ, ಅತ್ತೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುವುದನ್ನು ಕಂಡೆ. ಕೈಯಲ್ಲಿ ಒಂದು ದೊಡ್ಡ ಮಡಕೆ. ವಯಸ್ಸಾದವರು, ಕಣ್ಣು ಬೇರೆ ಮಂಜು, ಎಲ್ಲಿ ಎಡವಿ ಬೀಳುತ್ತಾರೋ ಎಂದು ಹಿಂದೆಯೇ ಹೋದೆ. ನೆಟ್ಟಗೆ ಕೆರೆಕೋಡಿಗೆ ಹೋದರು. ಗುಂಡಿಯ ಬಾಯಿಗೆ ಬಂದು, ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮಡಕೆಯನ್ನು ಬಗ್ಗಿಸಿದರು. ಸಗಣಿ ಮತ್ತು ಗಂಜಲ ಕದಡಿದ ನೀರು. ಅಂಗಳಕ್ಕೆ ಸಾರಿಸುವಾಗ ಗೊಣಗುವ ಹಾಗೆಯೇ ಏನೋ ಗೊಣಗಿಕೊಂಡು ಸುತ್ತಲೂ ಚಿಮುಕಿಸಿ, ಮಿಕ್ಕದ್ದನ್ನೆಲ್ಲ ಒಳಕ್ಕೆ ಸುರಿದರು.

“ಅತ್ತೇ!” ಎಂದೆ.

ಬೆಚ್ಚಿ ತಿರುಗಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ಅಲ್ಲ, ಕಳ್ಳನನ್ನು ಹಿಡಿದವರಂತೆ ನನ್ನನ್ನೇ ನೋಡಿದರು. “ಮತ್ತೇನ್ ಮಾಡ್ಲಿ ಅಮ್ಮಿ? ದಿನಾ ಇದ್ರಲ್ಲಿ ಕೈ ಇಕ್ಕಿ ಬಂದು ಹುಳದ ಮನೆ ಹೊಕ್ಕೋತಾನೆ. ಮಗನ್ನ ಎಷ್ಟಂತ ತೊಳೀಲಿ? ಅದ್ಕೇ ಗುಂಡೀನೇ ಸುದ್ದ ಮಾಡ್ಬುಡೋಣ ಅಂತ. ಎಂಟು ದಿನಾಯ್ತು ಹಾಕ್ತಾ ಇವ್ನಿ. ಅವನಿಗೆ ಹೇಳ್ಬುಟ್ಟೀಯಾ, ಹುಸಾರ್!”

ನಾನು ಹೇಳಲಿಲ್ಲ. ಹೇಳಿದರೆ ತಾಯಿ ಮಗನ ಜಗಳ, ಆ ಜಗಳಕ್ಕೆ ಕೊನೆಗೆ ನಾನೇ ಕಾರಣ. ಸೊಸೆಯಾಗಿ ಐದು ವರ್ಷದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಬಾಯಿ ಮುಚ್ಚಿಕೊಂಡಿರುವುದು. ಅದನ್ನು ಬಳಸಿದ್ದು ಬಹಳ ಅಪರೂಪ, ಆದರೆ ಆ ಸಲ ಬಳಸಿದೆ.

ಅದಾದ ಐದನೆಯ ದಿನವೋ ಆರನೆಯ ದಿನವೋ ಯಜಮಾನರು ಊರ ಬೀದಿಯಲ್ಲಿ ಓಡಿಕೊಂಡು ಬಂದರು. “ಎದ್ದೈತೆ! ಎದ್ದೈತೆ!” ಎಂದು ಕೂಗು. ಯಾರೋ ಮುದುಕರು ಯಾವ ಹೆಣ ಎಂದು ಕೇಳಿದರಂತೆ. ಎದ್ದದ್ದು ಪೀಪಾಯಿ. ನಾಲ್ಕು ಬೆರಳಷ್ಟು. ಮರುದಿನ ಒಂದು ಗೇಣು. ಮೊದಲು ಬಂದ ಗ್ಯಾಸು ಹೊತ್ತಿಕೊಳ್ಳಲಿಲ್ಲ, ಅದನ್ನು ಹೊರಕ್ಕೆ ಬಿಟ್ಟುಬಿಟ್ಟರು. ಮತ್ತೆ ಎದ್ದಿತು. ಆ ಸಾಯಂಕಾಲ ನಾನೂ ಅತ್ತೆಯೂ ನೋಡುತ್ತಿದ್ದಂತೆ ತಿರುಪು ತಿರುಗಿಸಿ ಕಡ್ಡಿ ಹಿಡಿದಾಗ ಪುಸ್ಸೆಂದು ಒಂದು ನೀಲಿ ನಾಲಿಗೆ ಹೊರಬಂತು. ಹೊಗೆ ಇಲ್ಲ, ಕಿಡಿ ಇಲ್ಲ. ಅವಳು ಕೈಯಲ್ಲಿದ್ದ ಹಗ್ಗವನ್ನು ಕೆಳಗೆ ಬಿಟ್ಟು ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡಳು. ಯಜಮಾನರ ಕಣ್ಣಲ್ಲಿ ನೀರು. ಅತ್ತೆಯ ಕಣ್ಣಲ್ಲೂ ನೀರು, ಆದರೆ ಅದು ಸದಾ ಇರುವುದೇ. ನಾನೂ ಹಿಗ್ಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಪುಸ್ತಕದಲ್ಲಿ ಅವರು ಬರೆದರು: “ಗಡಿಯಾರದ ಪ್ರಕಾರ ಕ್ರಮಬದ್ಧವಾಗಿ ತಿರುವಿದ್ದರಿಂದ ಯಶಸ್ಸು.” ಓದಿ ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಶಿವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಪಟೇಲರೂ ಊರ ಹಿರಿಯರೂ ನೋಡಲು ಬಂದರು. ಸಂಜೆ ಬನ್ನಿ ಎಂದು ಯಜಮಾನರು ಹೇಳಿದ್ದರು. ಸಂಜೆಯಾದರೆ ಏನಾದರೂ ಕಣ್ಕಟ್ಟು ಮಾಡುತ್ತಾನೆ, ನಡು ಹಗಲಲ್ಲೇ ತೋರಿಸಲಿ ಎಂದು ಪಟೇಲರ ಹಟ. ಬಂದವರೆಲ್ಲ ಮೂಗಿಗೆ ವಲ್ಲಿ ಮುಚ್ಚಿ ಸುತ್ತ ನಿಂತರು. ಯಜಮಾನರು ಒಂದು ಸಣ್ಣ ಭಾಷಣ ಮಾಡಿ, ತಿರುಪು ಬಿಟ್ಟು, ಕಡ್ಡಿ ಗೀರಿ ಹಿಡಿದರು. ಹೊತ್ತಿಕೊಂಡಿತು.

ಆದರೆ ಯಾರಿಗೂ ಕಾಣಲಿಲ್ಲ.

ಮಾಘದ ಬಿಸಿಲು ನೆತ್ತಿಯ ಮೇಲೆ ಸುರಿಯುತ್ತಿತ್ತು. ಆ ಬಿಸಿಲಿನಲ್ಲಿ ಆ ತೆಳು ನೀಲಿ ಉರಿ ಕರಗಿಯೇ ಹೋಗಿತ್ತು. “ಎಲ್ಲೈತಪ್ಪಾ ಬೆಂಕಿ?” ಎಂದು ಒಬ್ಬರು. “ಬಿದಿರು ಕಾಣ್ತದೆ, ಬುಗುರಿ ಕಾಣ್ತದೆ, ಬೆಂಕಿ ಮಾತ್ರ ಕಾಣಕ್ಕಿಲ್ಲ,” ಎಂದು ಇನ್ನೊಬ್ಬರು. “ಉರೀತಾ ಐತೆ, ದೇವರಾಣೆ ಉರೀತಾ ಐತೆ,” ಎಂದು ಇವರು ಬೆವರುತ್ತಿದ್ದರು. ಅವಳು ಗುಡಿಸಲಿನ ಕಂಬ ಹಿಡಿದು ನಿಂತಿದ್ದಳು.

“ಉರೀತಾ ಐತಂತೆ! ಮಗಾ, ನಾನೂ ಐವತ್ತು ವರ್ಷದಿಂದ ಬೆಂಕಿ ನೋಡಿವ್ನಿ,” ಎಂದು ಪಟೇಲರು ಮುಂದೆ ಬಂದು, ಸೊಂಟಕ್ಕೆ ಕೈಕೊಟ್ಟು, ಕೊಳವೆಯ ಬಾಯಿಯನ್ನೇ ಇಣುಕಿ ನೋಡಲು ಬಗ್ಗಿದರು.

ಹರಳೆಣ್ಣೆ ಬಹಳ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಚುರ್ ಎಂದು ಸದ್ದು. ಪಟೇಲರು “ಅಯ್ಯಯ್ಯಪ್ಪೋ” ಎಂದು ಹಿಂದಕ್ಕೆ ಹಾರಿದರು. ಯಜಮಾನರು ತಕ್ಷಣ ತಮ್ಮ ವಲ್ಲಿಯಿಂದ ಅವರ ಮುಖವನ್ನೇ ಒತ್ತಿ ಹಿಡಿದರು. ಬಿಟ್ಟಾಗ ಮುಖಕ್ಕೆ ಏನೂ ಆಗಿರಲಿಲ್ಲ. ಎಡಗಡೆಯ ಮೀಸೆ ಇರಲಿಲ್ಲ. ಕೂದಲು ಸುಟ್ಟ ವಾಸನೆಯಲ್ಲಿ ಹಂದಿಯ ವಾಸನೆ ಅಡಗಿಹೋಯಿತು.

ಆಮೇಲೆ ಅವಳ ದನಿ, ಎಂದಿನ ಹಾಗೇ ಬಗ್ಗಿದ ದನಿ, ಕೇಳಿಸಿತು. “ಈಗ ಕಾಣ್ತಾ ಬುದ್ದಿ?”

ಮುಂದಿನದು ಮೀಸೆಯ ಪಾಡು. ಅರ್ಧ ಮೀಸೆ ಇಟ್ಟುಕೊಂಡು ಪಟೇಲಿಕೆ ಮಾಡುವುದು ಹೇಗೆ? ಮನೆಗೆ ಹೋಗುತ್ತಲೇ ಕ್ಷೌರಿಕನನ್ನು ಕರೆಸಿ ಇನ್ನರ್ಧವನ್ನೂ ತೆಗೆಸಿದರು. ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ತಂದೆಯೋ ತಾಯಿಯೋ ತೀರಿಕೊಂಡಾಗ ಮಾತ್ರ. ಅವರ ತಂದೆ ಎಂದೋ ಹೋಗಿದ್ದರು, ಉಳಿದವರು ತಾಯಿ. ಶಿವರಾತ್ರಿಯ ದಿನ ಬೆಳಗಿನಿಂದಲೇ ಸುತ್ತಮುತ್ತಲ ಹಳ್ಳಿಯವರು ಒಬ್ಬೊಬ್ಬರಾಗಿ ಬಂದು, ಜಗಲಿಯಲ್ಲಿ ತಲೆ ತಗ್ಗಿಸಿ ಕೂತು, “ಯಾವಾಗ ಹೋದ್ರು? ಒಳ್ಳೆ ಜೀವ,” ಎನ್ನಲು ಶುರುಮಾಡಿದರು. ಆ ಒಳ್ಳೆ ಜೀವ ಒಳಗಿನಿಂದ ಕೋಲೂರಿಕೊಂಡು ಹೊರಬಂದು, “ನಾನಿನ್ನೂ ಸತ್ತಿಲ್ಲ ಕಣ್ರೋ, ಎದ್ದು ಹೋಗ್ರೋ,” ಎಂದು ಕೂಗಿದ್ದು ನಮ್ಮ ಕಿಟಕಿಗೆ ಆ ದಿನ ಏಳು ಸಲ ಕೇಳಿಸಿತು. ಅತ್ತೆಯೂ ನಾನೂ ಉಪವಾಸವಿದ್ದೆವು. ನಕ್ಕು ನಕ್ಕು ಹಸಿವೆಯೇ ತಿಳಿಯಲಿಲ್ಲ.

ಪಟೇಲರು ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಆದರೆ ಮೀಸೆಯ ನೋವೂ ಇತ್ತಲ್ಲ. ಹಬ್ಬದ ಮಾರನೆಯ ದಿನ ಅವಳನ್ನು ಕರೆಸಿ, “ಇರು. ಆದ್ರೆ ಇನ್ಮೇಲೆ ಒಂದು ಹಂದೀನೂ ಆಚೆ ಬಿಡ್ಬಾರ್ದು. ಹನ್ನೊಂದನ್ನೂ ಕಟ್ಟಿ ಹಾಕು. ಒಂದು ಮರಿ ಬೀದೀಲಿ ಕಂಡ್ರೂ ಮಾತು ಮುಗೀತು,” ಎಂದರು. ನ್ಯಾಯವಾಗಿಯೇ ಇದೆ ಎಂದು ಎಲ್ಲರೂ ತಲೆಯಾಡಿಸಿದರು. ಯಜಮಾನರಂತೂ ಗೊಬ್ಬರ ಒಂದೇ ಕಡೆ ಸಿಗುತ್ತದೆ ಎಂದು ಇನ್ನೂ ಖುಷಿಪಟ್ಟರು. ಅವಳೊಬ್ಬಳ ಮುಖ ಮಾತ್ರ ಇಳಿಯಿತು.

ನಾಲ್ಕು ದಿನ ಬಿಟ್ಟು ನಮ್ಮ ಹಿತ್ತಲ ಬೇಲಿಯ ಆಚೆ ಬಂದು ನಿಂತಳು. “ಬುದ್ದಿ, ನಾನು ಹೊಂಟೋಯ್ತೀನಿ.”

“ಯಾಕೆ? ಗೆದ್ದಾಯ್ತಲ್ಲ!” ಎಂದರು ಇವರು.

“ಗೆದ್ದೆ ಬುದ್ದಿ. ನೀರಿಗೇನ್ ಮಾಡ್ಲಿ? ಬಿಟ್ಟಿದ್ರೆ ಹಂದಿ ತಾವೇ ಹೋಗಿ ಕೆರೇಲಿ ಕುಡ್ಕೊಂಡು ಬತ್ತಿದ್ವು. ಕಟ್ಟಿ ಹಾಕಿದ್ರೆ ನಾನೇ ಹೊರ್ಬೇಕು. ಗುಂಡೀಗೂ ಗೊಬ್ಬರದಷ್ಟೇ ನೀರು ಬೇಕು ಅಂತೀರಿ. ಕೆರೆ ಆಗ್ಲೇ ತಳ ಕಾಣ್ತಾ ಐತೆ. ಊರ ಬಾವೀಲಿ ನಾನು ಸೇದಂಗಿಲ್ಲ. ಯಾರಾದ್ರೂ ಬಂದು ಹುಯ್ಯೋಗಂಟ ಕಾಯ್ಬೇಕು, ಹುಯ್ದ್ರೆ ಒಂದು ಕೊಡ. ನಂಗೆ ದಿನಕ್ಕೆ ಹದಿನೈದು ಕೊಡ ಬೇಕು.”

ಇವರು ಪುಸ್ತಕ ತಂದು ಹಾಳೆ ತಿರುವಿದರು. ಇಷ್ಟು ದಿನ ಅಷ್ಟು ಅಳತೆ ಬರೆದಿಟ್ಟ ಪುಸ್ತಕದಲ್ಲಿ ನೀರು ಎಷ್ಟು ಎಂದಿತ್ತೇ ಹೊರತು ನೀರು ಎಲ್ಲಿಂದ ಎಂದು ಒಂದು ಸಾಲೂ ಇರಲಿಲ್ಲ. ನನಗೆ ರೇಗಿತು. ಅಲ್ಲೇ ಬೆರಣಿ ತಟ್ಟುತ್ತಿದ್ದ ಅತ್ತೆಯ ಮುಂದೆಯೇ ಸಗಣಿಯ ಗುಟ್ಟನ್ನೂ ಬಿಚ್ಚಿಬಿಟ್ಟೆ. “ನಿಮ್ಮ ಗಡಿಯಾರದಿಂದ ಬಂದದ್ದಲ್ಲ ಗ್ಯಾಸು. ಅತ್ತೆ ದಿನಾ ಸಗಣಿ ನೀರು ಹುಯ್ದು ಸುದ್ದ ಮಾಡ್ತಾ ಇದ್ರು. ಮೊಸರಿಗೆ ಹೆಪ್ಪು ಹಾಕ್ದಂಗೆ ಹತ್ಕೊಂಡದ್ದು ಅದು,” ಎಂದೆ.

ಯಜಮಾನರು ತಾಯಿಯನ್ನು ನೋಡಿದರು. ಪುಸ್ತಕವನ್ನು ನೋಡಿದರು. ಪಾಪ, ಆ ಹೊತ್ತು ಅವರ ಮುಖ ನೋಡಿ ಹೇಳಬಾರದಿತ್ತು ಅನ್ನಿಸಿತು. ಆಮೇಲೆ ಕೈ ಮುಗಿದು, “ಅವ್ವಾ, ದಿನಾ ಒಸಿ ಸಗಣಿ ಕೊಡು,” ಎಂದರು.

“ಹಂದಿಗೆ ಸಗಣಿ ಕೊಡಾಕಿಲ್ಲ,” ಎಂದರು ಅತ್ತೆ ಕಡ್ಡಿ ಮುರಿದಂತೆ. “ಸುದ್ದ ಬೇಕಾದ್ರೆ ಮಾಡ್ತೀನಿ. ಅದು ಬ್ಯಾರೆ.”

ಆಮೇಲೆ ಬೇಲಿಯ ಕಡೆ ತಿರುಗಿದರು. ಮಂಜುಗಣ್ಣನ್ನು ಕಿರಿದು ಮಾಡಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಏನಮ್ಮಿ, ಅಲ್ಲಿ ನೀನು ಆ ಬೆಂಕೀಲಿ ಮುದ್ದೆ ತೊಳಸ್ತಾ ಇದ್ದೀಯಾ?”

“ತೊಳಸ್ತೀನಿ ದೊಡ್ಡವ್ವಾ. ಹೊಗೆ ಒಂಚೂರೂ ಇಲ್ಲ.”

“ನಾನು ಸುದ್ದ ಮಾಡಿದ್ ಬೆಂಕೀಲಿ ಬೇಯಿಸ್ಕೊಂಡು ಉಣ್ತಾ ಇದ್ದೀಯಾ. ಇನ್ನೆಲ್ಲಿ ಮೈಲಿಗೆ ನಿಂಗೆ? ನಮ್ಮ ಹಿತ್ತಲ ಬಾವಿ ತುಂಬಿ ನಿಂತೈತೆ. ಬಂದು ಸೇದ್ಕೋ. ಯಾವ ಪಟೇಲ ಕೇಳ್ತಾನೋ ನೋಡ್ತೀನಿ, ಅವನಿಗೆ ಇನ್ನು ಬೋಳಿಸ್ಕೊಳ್ಳಕ್ಕೆ ಏನ್ ಉಳಿದೈತೆ?”

ಐವತ್ತು ವರ್ಷ ಮಡಿಮೈಲಿಗೆಯಲ್ಲೇ ಬದುಕಿದ ಮುದುಕಿ ಅಷ್ಟು ಸಲೀಸಾಗಿ ಹೇಳಿಬಿಟ್ಟರು. ನಾನು ಹೆಮ್ಮೆಯಿಂದ ನಿಂತಿದ್ದೆ. ಲೋವರ್ ಸೆಕೆಂಡರಿ ಓದಿದವಳು, ಪಟೇಲರ ಬುದ್ಧಿಯನ್ನು ಆಡಿಕೊಂಡವಳು, ಹುಳ ಸತ್ತಿದ್ದು ಚಳಿಗೆ ಎಂದು ಬಲ್ಲವಳು. ಈ ಮನೆಯಲ್ಲಿ ತಿಳುವಳಿಕೆ ಇರುವವಳು ನಾನು ಎಂದೇ ನನ್ನ ಎಣಿಕೆ.

ಮರುದಿನ ಬೆಳಿಗ್ಗೆ ಅವಳು ಬಂದಳು. ಬೇಲಿ ದಾಟುವ ಮೊದಲು ಒಂದು ಸಲ ನಿಂತು, ಯಾರೂ ಏನೂ ಅನ್ನದಿದ್ದಮೇಲೆ ಒಳಗೆ ಕಾಲಿಟ್ಟಳು. ಬಾವಿಕಟ್ಟೆಯ ಮೇಲೆ ನಮ್ಮ ಕುಡಿಯುವ ನೀರಿನ ಹಿತ್ತಾಳೆ ಬಿಂದಿಗೆ ಇತ್ತು. ಅವಳು ಹಗ್ಗಕ್ಕೆ ಕೈ ಹಾಕಿದಳು. ನನ್ನ ಕೈ ತಾನಾಗಿ ಮುಂದೆ ಹೋಗಿ ಬಿಂದಿಗೆಯನ್ನು ಎತ್ತಿ ಎರಡು ಮಾರು ಆಚೆ ಇಟ್ಟಿತು. ನಾನು ಯೋಚಿಸಿ ಮಾಡಿದ್ದಲ್ಲ. ಆದರೆ ಮಾಡಿದವಳು ನಾನೇ. ಅವಳು ನೋಡಿದಳು. ರಾಟೆ ಕಿರುಗುಟ್ಟುತ್ತಿತ್ತು. ಒಂದೊಂದೇ ಕೊಡ ಸೇದಿ, ಹೊತ್ತು, ಹೋಗಿ ಬಂದಳು. ಕೊನೆಯ ಕೊಡ ತುಂಬಿದ ಮೇಲೆ ಹಗ್ಗವನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ಅವ್ವಾ, ನಿಮ್ಮ ಬಿಂದಿಗೇನೂ ತುಂಬಿಕೊಡ್ಲಾ? ಹಗ್ಗ ಕೈಯಾಗೇ ಐತೆ.”

“ಬ್ಯಾಡ,” ಎಂದೆ. ಒಲೆಯ ಮೇಲೆ ಸಾರು ಇದೆ ಎಂದು ಇಲ್ಲದ ಸಾರಿಗೆ ಒಳಗೆ ಓಡಿದೆ.

ಮರುದಿನವೂ ಕೇಳಿದಳು. ಅದರ ಮರುದಿನವೂ. ಚುಚ್ಚಲಿಕ್ಕೆ ಕೇಳುತ್ತಿದ್ದಳೋ, ನಿಜವಾಗಿ ಕೊಡಲಿಕ್ಕೆ ಕೇಳುತ್ತಿದ್ದಳೋ ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು. ಎಂಟು ದಿನ ಬೇಡವೆಂದೆ. ಅತ್ತೆ ಹಿತ್ತಲ ಜಗಲಿಯಲ್ಲಿ ಕೂತು ಎಂಟು ದಿನವೂ ಕೇಳಿಸಿಕೊಂಡರು. ಎಲ್ಲದಕ್ಕೂ ಬೈಯುವ ಬಾಯಿ ನನಗೆ ಅದೊಂದಕ್ಕೆ ಮಾತ್ರ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಂಬತ್ತನೆಯ ದಿನ ಅವಳು ಕೇಳುವ ಮೊದಲೇ ಬಿಂದಿಗೆಯನ್ನು ಅವಳ ಮುಂದೆ ಇಟ್ಟೆ. ಅವಳು ಸೇದಿ, ತುಂಬಿಸಿ, ಎರಡು ಕೈಯಲ್ಲಿ ಎತ್ತಿ ನನ್ನ ಸೊಂಟಕ್ಕೆ ಕೂರಿಸಿದಳು. ನನಗೆ ಬಹಳ ನಾಚಿಕೆಯಾಗಿತ್ತು. ಅದನ್ನು ಅವಳಿಗೆ ಹೇಳಬೇಕು ಎಂದುಕೊಂಡಿದ್ದೆ, ರಾತ್ರಿಯೆಲ್ಲ ಮಾತು ಹೊಂದಿಸಿಕೊಂಡಿದ್ದೆ. ಬಾಯಿಗೆ ಬರದೆ ಬಿಂದಿಗೆಯ ನೀರನ್ನೇ ನೋಡುತ್ತಾ ನಿಂತೆ.

“ನೀರು ಒಸಿ ಕಮ್ಮಿ ಆಯ್ತಾ ಅವ್ವಾ?” ಎಂದು ಕೇಳಿದಳು.

“ಇಲ್ಲ, ಸರ್ಯಾಗೈತೆ,” ಎಂದೆ.